ಸಂಬಳದ ಚೀಟಿಯನ್ನು ಓದುವ ಬಗೆ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಈಗ ಅನೇಕರು ಸ್ವಂತ ದುಡಿಮೆಯಿಂದ ಜೀವಿಸುವವರಾಗಿದ್ದಾರೆ. ಆಸ್ಪತ್ರೆಗಳಲ್ಲಿ ದಾದಿಯರು, ಉಪಾಧ್ಯಾಯಿನಿಯರು, ಸಕಲೇಶಪುರ ಆಲೂರು ಸೀಮೆಯ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರು, ಬೆಂಗಳೂರಿನ ಕಂಪೆನಿಗಳಿಗೆ ಸೇರಿದವರು, ಹೀಗೆ ಹಲವರುಂಟು. ಅವರು ರಜೆಯಲ್ಲಿ ಬೆಳಗೋಡಿಗೆ ಬಂದಾಗ ಸಂಬಳವೆಷ್ಟೆಂದು ಕೇಳಿದರೆ, ಕೈಗೆ ಬರುವ ಮೊತ್ತವನ್ನು ತಪ್ಪದೆ ಹೇಳುವರು. ಅದಕ್ಕೆ ಮುಂಚೆ ಎಷ್ಟು ಮುರಿದುಕೊಂಡರು, ಯಾತಕ್ಕೆ ಮುರಿದುಕೊಂಡರು ಎಂದರೆ, "ಅದನ್ನೆಲ್ಲ ಅಣ್ಣ ನೋಡಿಕೊಳ್ಳುತ್ತಾನೆ" ಎನ್ನುವರು. ಗಣಿತದಲ್ಲಿ ಮೊದಲನೆಯ ತರಗತಿಯ ಗುಣಗಳನ್ನು ಪಡೆದವರ ಬಾಯಿಂದಲೂ ಈ ಮಾತನ್ನು ಕೇಳಿ ನಮಗೆ ವ್ಯಸನವಾಗುತ್ತದೆ. ಆದಕಾರಣ ಈ ಪಾಠವನ್ನು ಬರೆಯುತ್ತಿದ್ದೇವೆ.

ಚೀಟಿಯಲ್ಲಿ ಕಳೆದಿರುವುದೆಲ್ಲವೂ ತೆರಿಗೆಯಲ್ಲ. ಭವಿಷ್ಯನಿಧಿಗೆ ಹೋಗುವ ಹಣ ನಿಮ್ಮದೇ ಉಳಿತಾಯ. ವೃತ್ತಿ ತೆರಿಗೆಯಾದರೋ 1976ನೆಯ ಕರ್ನಾಟಕ ಕಾಯಿದೆಯಿಂದ ಬಂದದ್ದು. 2023ನೆಯ ಏಪ್ರಿಲ್ 1ರಿಂದ ತಿಂಗಳಿಗೆ 25,000 ರೂಪಾಯಿಗಿಂತ ಕಡಿಮೆ ಸಂಬಳವುಳ್ಳವರಿಗೆ ಅದು ಇಲ್ಲ. ಅದಕ್ಕೆ ಮೇಲ್ಪಟ್ಟವರಿಗೆ ತಿಂಗಳಿಗೆ 200 ರೂಪಾಯಿ. 2025ನೆಯ ಏಪ್ರಿಲಿನಿಂದ ಫೆಬ್ರವರಿ ತಿಂಗಳೊಂದಕ್ಕೆ ಮಾತ್ರ 300. ಕೂಡಿಸಿದರೆ ವರ್ಷಕ್ಕೆ 2,500 ಆಗುವುದು. ರಾಜ್ಯಾಂಗವು ಈ ತೆರಿಗೆಗೆ ಇಟ್ಟಿರುವ ಮೇರೆಯೂ ಅಷ್ಟೇ. ಆದುದರಿಂದ 18,000 ರೂಪಾಯಿ ಸಂಬಳದ ಗುಮಾಸ್ತೆಯ ಚೀಟಿಯಲ್ಲಿ ಈ 200 ಕಂಡುಬಂದರೆ ಅವಳು ಕೇಳತಕ್ಕದ್ದು. ಸಣ್ಣ ಮೊತ್ತವೆಂದು ಬಿಡುವುದು ಸರಿಯಲ್ಲ. ವರ್ಷವೊಂದಕ್ಕೆ ತಂಗಿಯ ಪುಸ್ತಕಗಳ ಬೆಲೆ ಅದರಲ್ಲಿ ಹೊರಡುತ್ತದೆ.

ವರಮಾನ ತೆರಿಗೆಯಲ್ಲಿ ಹೆಚ್ಚು ಎಚ್ಚರ ಬೇಕು. ಹಳೆಯದು ಹೊಸದು ಎಂಬ ಎರಡು ಪದ್ಧತಿಗಳುಂಟು. ನೀವು ಬೇರೆ ಹೇಳದಿದ್ದರೆ ಹೊಸದೇ ನಡೆಯುತ್ತದೆ. ತಿಂಗಳಿಗೆ 80,000 ರೂಪಾಯಿ ಸಂಬಳದ ಒಬ್ಬಳ 2025-26ನೆಯ ಸಾಲಿನ ಲೆಕ್ಕವನ್ನು ಮಾಡೋಣ. ವರ್ಷಕ್ಕೆ 9,60,000. ಎಲ್ಲ ಸಂಬಳಗಾರರಿಗೂ ಸಲ್ಲುವ 75,000ವನ್ನು ಕಳೆದರೆ ಉಳಿಯುವುದು 8,85,000. ಮೊದಲ 4 ಲಕ್ಷಕ್ಕೆ ತೆರಿಗೆಯಿಲ್ಲ, ಮುಂದಿನ 4 ಲಕ್ಷಕ್ಕೆ ನೂರಕ್ಕೆ 5ರಂತೆ 20,000, ಉಳಿದ 85,000ಕ್ಕೆ ನೂರಕ್ಕೆ 10ರಂತೆ 8,500, ಒಟ್ಟು 28,500. ಆದರೆ ಹೀಗೆ ಉಳಿದ ಸಂಬಳ 12 ಲಕ್ಷವನ್ನು ಮೀರದಿದ್ದರೆ ತೆರಿಗೆಯೆಲ್ಲವೂ ಮಾಫಿಯಾಗುವುದರಿಂದ ಅವಳು ಕೊಡತಕ್ಕದ್ದು ಸೊನ್ನೆ. ಅವಳೇ ಏನೆಂದು ತಿಳಿಯದೆ ಹಳೆಯ ಪದ್ಧತಿಯ ಕಾಗದಕ್ಕೆ ರುಜು ಹಾಕಿ, ವಿಮೆ ಮುಂತಾದ ಯಾವ ಕಳೆತವನ್ನೂ ತೋರಿಸದಿದ್ದರೆ, ವರ್ಷಕ್ಕೆ 98,280 ರೂಪಾಯಿ, ಅಂದರೆ ತಿಂಗಳಿಗೆ 8,190, ಮುರಿಯುತ್ತಾರೆ. ಒಂದು ರುಜುವಿನ ಅಂತರವಿದು! ವ್ಯಾಪಾರದ ವರಮಾನವಿಲ್ಲದವಳು ವರ್ಷದ ಕೊನೆಯಲ್ಲಿ ಲೆಕ್ಕ ಒಪ್ಪಿಸುವಾಗ ಪದ್ಧತಿಯನ್ನು ಬದಲಾಯಿಸಿಕೊಂಡು ಆ ಹಣವನ್ನು ಹಿಂದಕ್ಕೆ ಪಡೆಯಬಹುದು.

ನಮ್ಮ ಸೀಮೆಯಲ್ಲಿ ಪ್ರಬಲವಾಗಿರುವ ಒಂದು ತಪ್ಪು ತಿಳಿವಳಿಕೆಯುಂಟು. ಬೇಸಾಯದ ವರಮಾನಕ್ಕೆ ಕೇಂದ್ರ ಸರ್ಕಾರದ ತೆರಿಗೆಯಿಲ್ಲವಾದುದರಿಂದ ಕಾಫಿ ತೋಟದಿಂದ ಬರುವ ಸಂಬಳಕ್ಕೂ ಇಲ್ಲವೆಂದು ಜನರು ಭಾವಿಸುತ್ತಾರೆ. ಹಾಗಲ್ಲ. ತೋಟದವರಿಗೆ ಕಾಫಿಯಿಂದ ಬಂದದ್ದು ಬೇಸಾಯದ ವರಮಾನ. ಅವರ ಕಚೇರಿಯವಳಿಗೆ ಬಂದದ್ದು ಸಂಬಳ. ತವರಿನ ತೋಟದಲ್ಲಿ ಪಾಲುಳ್ಳ ಉದ್ಯೋಗಸ್ಥೆಯರು ಇನ್ನೊಂದನ್ನು ನೆನಪಿಡಬೇಕು: ಆ ಪಾಲಿಗೆ ತೆರಿಗೆಯಿಲ್ಲದಿದ್ದರೂ, ಸಂಬಳಕ್ಕೆ ದರವನ್ನು ಗೊತ್ತುಮಾಡುವಾಗ ಅದನ್ನೂ ಸೇರಿಸಿ ನೋಡುತ್ತಾರೆ. ಕಚೇರಿಯವರಿಗೆ ನಿಮ್ಮ ತೋಟದ ಸುದ್ದಿ ತಿಳಿಯದು. ಲೆಕ್ಕ ನೀವೇ ಹಾಕಬೇಕು. ವರ್ಷದ ನಡುವೆ ಕೆಲಸ ಬದಲಾಯಿಸಿದವಳೂ ಹಿಂದಿನ ಸಂಬಳವನ್ನು ಹೊಸ ಕಚೇರಿಗೆ ತಿಳಿಸತಕ್ಕದ್ದು. ಇಲ್ಲದಿದ್ದರೆ ಇಬ್ಬರೂ ಬೇರೆ ಬೇರೆಯಾಗಿ 75,000 ಕಳೆದು, ಕಡೆಗೆ ಬಾಕಿಯು ಅವಳ ತಲೆಯ ಮೇಲೆ ಬರುತ್ತದೆ.

ಇನ್ನು ತಾಳೆ ನೋಡುವ ಕೆಲಸ. 2025-26ನೆಯ ಸಾಲಿಗೆ ತೆರಿಗೆ ಹಿಡಿದ ಕಚೇರಿಯು ವರ್ಷ ಮುಗಿದ ಮೇಲೆ ಜೂನ್ 15ರೊಳಗೆ ಫಾರಂ 16 ಎಂಬ ಪತ್ರವನ್ನು ಕೊಡಬೇಕು. ಸರ್ಕಾರದ ಖಾತೆಯಲ್ಲಿ ನಿಮ್ಮ ಪ್ಯಾನ್ ಸಂಖ್ಯೆಯ ಕೆಳಗೆ ಎಷ್ಟು ಹಣ ಸಂದಿದೆಯೆಂಬುದು 26ಎಎಸ್ ಎಂಬ ಪಟ್ಟಿಯಲ್ಲಿ ದೊರೆಯುತ್ತದೆ. ವರಮಾನ ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಹೆಸರಿನಿಂದಲೇ ಅದನ್ನು ತೆರೆದು ನೋಡಬಹುದು. ಹನ್ನೆರಡು ಚೀಟಿಗಳ ಮೊತ್ತ, ಪತ್ರದ ಮೊತ್ತ, ಪಟ್ಟಿಯ ಮೊತ್ತ, ಈ ಮೂರೂ ಒಂದೇ ಆಗಿರಬೇಕು. ಪ್ಯಾನಿನ ಒಂದಕ್ಷರ ತಪ್ಪಿದರೂ ಹಣ ನಿಮ್ಮ ಲೆಕ್ಕಕ್ಕೆ ಸೇರದು. ಚೀಟಿಯಲ್ಲಿ ಹಿಡಿದು ಬೊಕ್ಕಸಕ್ಕೆ ಕಟ್ಟದೆ ಉಳಿಸಿಕೊಂಡ ಕಚೇರಿಗಳೂ ಉಂಟು. ಆಗ ಅದೇ ತೆರಿಗೆಯನ್ನು ನಿಮ್ಮಿಂದ ಮತ್ತೆ ವಸೂಲು ಮಾಡಕೂಡದೆಂದು ಕಾಯಿದೆಯಿದೆ. ಆದರೆ ಹಿಡಿದದ್ದಕ್ಕೆ ಸಾಕ್ಷಿ ನಿಮ್ಮ ಕೈಯಲ್ಲಿರುವ ಚೀಟಿಯೇ. ಅದನ್ನು ಎಸೆಯಬೇಡಿರಿ.

ಹೀಗೆ ವಿಚಾರಿಸುವುದು ಯಜಮಾನರ ಮೇಲೆ ಸಂಶಯಪಟ್ಟಂತಾಗುವುದೆಂದು ಕೆಲವು ತಾಯಂದಿರು ನಮ್ಮೊಡನೆ ಹೇಳಿದ್ದುಂಟು. ಸ್ನಾನಿಕನಾದ ಯೋಹಾನನ ಬಳಿಗೆ ಬಂದ ಸುಂಕದವರನ್ನು ಆತನು ಕೆಲಸ ಬಿಡಿರೆಂದು ಹೇಳಲಿಲ್ಲ, ನೇಮಕವಾದುದಕ್ಕಿಂತ ಹೆಚ್ಚಾಗಿ ತೆಗೆದುಕೊಳ್ಳಬಾರದೆಂದು ಬುದ್ಧಿ ಹೇಳಿದನೆಂಬುದನ್ನು ಆ ತಾಯಂದಿರಿಗೆ ನೆನಪುಮಾಡುತ್ತೇವೆ. ನೇಮಕವಾದದ್ದೆಷ್ಟೆಂದು ಕೊಡುವವಳಿಗೂ ತಿಳಿದಿರಬೇಕಷ್ಟೆ. ಮೊದಲು ಕಚೇರಿಯ ಲೆಕ್ಕದವರನ್ನು ವಿನಯದಿಂದ ಕೇಳಿರಿ. ಉತ್ತರ ಬಾರದಿದ್ದರೆ ಬರಹದಲ್ಲಿ ಕೇಳಿ ಅದರ ಪ್ರತಿಯನ್ನು ಇಟ್ಟುಕೊಳ್ಳಿರಿ.

ಹೆಚ್ಚು ಹಿಡಿದ ಹಣ ತಾನಾಗಿ ಹಿಂದಿರುಗುವುದಿಲ್ಲ. ಲೆಕ್ಕ ಒಪ್ಪಿಸಿದವರಿಗೆ ಮಾತ್ರ ಬರುತ್ತದೆ. ಸಂಬಳಗಾರರಿಗೆ ಸಾಮಾನ್ಯವಾದ ಗಡುವು ಜುಲೈ 31. ಹಳೆಯ ಪದ್ಧತಿಯನ್ನು ಆರಿಸಿಕೊಳ್ಳುವವರು ಆ ದಿನವನ್ನು ದಾಟಿಸಲೇಬಾರದು.