ಹಳೆಯ ಪಂದ್ಯ, ಅಗಲಿದ ಗೆಳೆಯ

ಹಲಸೂರಿನ ಗೌತಮಪುರಕ್ಕೆ ಹೋದವರು ಅಲ್ಲಿನ ಪ್ರತಿಮೆಗಳನ್ನು ನೋಡಿರುತ್ತೀರಿ. ಬುದ್ಧ, ಡಾ. ಅಂಬೇಡ್ಕರ್, ಮದರ್ ತೆರೇಸಾ, ಇವರ ಜೊತೆಗೆ ಬ್ರೆಜಿಲ್ ದೇಶದ ಫುಟ್‌ಬಾಲ್ ಆಟಗಾರ ಪೆಲೆ! ಆಟಗಾರನೊಬ್ಬನನ್ನು ಇಂಥವರ ಜೊತೆ ನಿಲ್ಲಿಸಬಹುದೇ ಎಂದು ಹುಬ್ಬೇರಿಸುವವರೂ ಉಂಟು. ಆದರೆ ಆ ಬೀದಿಗಳಲ್ಲಿ ಬೆಳೆದವರಿಗೆ ಅದರಲ್ಲಿ ಸೋಜಿಗವೇನೂ ಇಲ್ಲ. ಸುತ್ತಮುತ್ತಲಿನವರು ಗೌತಮಪುರವನ್ನು 'ಮಿನಿ ಬ್ರೆಜಿಲ್' ಎಂದೇ ಕರೆಯುತ್ತಾರೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ಅಲ್ಲಿನವರು ತಮ್ಮ ಮನೆಯವರನ್ನೇ ಕಳೆದುಕೊಂಡಂತೆ ದುಃಖಪಟ್ಟರು.

ನಮ್ಮ ದಂಡು ಪ್ರದೇಶಕ್ಕೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಯಲ್ಲಿ. ಅವರು ಆಡುವುದನ್ನು ದೂರ ನಿಂತು ನೋಡಿದ ಹುಡುಗರು ಬರಿಗಾಲಲ್ಲೇ ಆ ಆಟವನ್ನು ಕಲಿತರು. 1937ರಲ್ಲಿ ಬ್ಯಾಂಗಲೋರ್ ಮುಸ್ಲಿಮ್ಸ್ ತಂಡ ಮುಂಬಯಿಗೆ ಹೋಗಿ ರೋವರ್ಸ್ ಕಪ್ ಗೆದ್ದುಕೊಂಡು ಬಂತು. ಅಲ್ಲಿಯವರೆಗೆ ಆ ಕಪ್ ಸೈನ್ಯದ ತಂಡಗಳ ಸೊತ್ತಿನಂತಿತ್ತು. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಫ್ರಾನ್ಸ್ ವಿರುದ್ಧ ಆಡಿತು. ನಮ್ಮವರಲ್ಲಿ ಹೆಚ್ಚಿನವರ ಕಾಲಿನಲ್ಲಿ ಬೂಟು ಇರಲಿಲ್ಲ. ಎರಡು ಪೆನಾಲ್ಟಿಗಳನ್ನು ಕೈಚೆಲ್ಲಿ ಕೊನೆಗೆ 2-1ರಿಂದ ಸೋತರು. ಆದರೂ ಅಂದು ಭಾರತದ ಪರವಾಗಿ ಬಿದ್ದ ಒಂದೇ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹಮದ್ ಖಾನ್ 1952ರಲ್ಲಿ ಹೆಲ್ಸಿಂಕಿಯಲ್ಲೂ ಆಡಿ, ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಹೆಸರು ಮಾಡಿ, 2017ರ ಆಗಸ್ಟ್‌ನಲ್ಲಿ ಇದೇ ಊರಿನಲ್ಲಿ ಕಣ್ಣುಮುಚ್ಚಿದರು. ಮುಂದೆ ಕಾರ್ಖಾನೆಗಳ ಕಾಲ ಬಂತು. ದೂರವಾಣಿನಗರದ ಐಟಿಐ, ವಿಮಾನ ಕಾರ್ಖಾನೆಯ ಎಚ್‌ಎಎಲ್, ಹಲಸೂರು ಕೆರೆಯ ಪಕ್ಕದ ಎಂಇಜಿ ಸೈನಿಕರು – ಎಲ್ಲರಿಗೂ ತಂಡಗಳಿದ್ದವು. ಚೆನ್ನಾಗಿ ಚೆಂಡು ಒದೆಯುವ ಬಡ ಹುಡುಗನಿಗೆ ಕೆಲಸವೂ ಸಿಗುತ್ತಿತ್ತು.

ಈ ಆಟದಲ್ಲಿ ಜಾತಿ, ಮತ, ಭಾಷೆಗಳು ಬೆರೆತುಹೋದಷ್ಟು ನಮ್ಮ ಇತರ ಸಂಘಸಂಸ್ಥೆಗಳಲ್ಲಿ ಬೆರೆಯಲಿಲ್ಲವೆಂದು ಹೇಳಲು ನನಗೆ ಸಂಕೋಚವಿಲ್ಲ. ಮನೆಯಲ್ಲಿ ತಮಿಳು, ಉರ್ದು, ತೆಲುಗು ಏನೇ ಇರಲಿ, ಮೈದಾನದಲ್ಲಿ ಎಲ್ಲವೂ ಕಲಸುಮೇಲೋಗರ. ಆದ್ದರಿಂದಲೇ ಇಂದು ವಯಸ್ಸಾದ ನಮ್ಮ ಅನೇಕ ಕ್ರೈಸ್ತ ವಿಶ್ವಾಸಿಗಳಿಗೆ ಜೀವದ ಗೆಳೆಯರೆಂದರೆ ಹಿಂದೂಗಳು, ಮುಸ್ಲಿಮರು. ಆ ಗೆಳೆಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಆಗ ಏಳುವ ಪ್ರಶ್ನೆಯೊಂದು ಹಲವರನ್ನು ಕಾಡುತ್ತಿದೆ.

ಕೃಷ್ಣರಾಜಪುರದ ಕಡೆಯ ಹಿರಿಯರೊಬ್ಬರ ಮಾತನ್ನೇ ತೆಗೆದುಕೊಳ್ಳಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಶಿವಾಜಿನಗರದ ಮುಸ್ಲಿಂ ಗೆಳೆಯರೊಬ್ಬರ ಜೊತೆ ನಲವತ್ತು ವರ್ಷ ಪಂದ್ಯ ನೋಡಿದವರು. ಎಂಬತ್ತರ ದಶಕದಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮಳೆಯ ನಡುವೆ ನಡೆದ ಒಂದು ಲೀಗ್ ಪಂದ್ಯ ಇಬ್ಬರಿಗೂ ಮುಗಿಯದ ಜಗಳವಾಗಿತ್ತು. ಕೆಸರಿನಲ್ಲಿ ಉರುಳಿದ ಚೆಂಡು ಗೋಲಿನ ಗೆರೆಯ ಮೇಲೆಯೇ ಹೂತು ನಿಂತಿತಂತೆ. ರೆಫರಿ ಗೋಲು ಕೊಡಲಿಲ್ಲ. "ಗೆರೆ ದಾಟಿತ್ತು" ಎಂದು ಇವರು, "ದಾಟಿರಲಿಲ್ಲ" ಎಂದು ಅವರು. ಮದುವೆ ಮನೆಯಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ, ಎಲ್ಲಿ ಸೇರಿದರೂ ಅದೇ ವಾದ. 2021ರ ಕೊರೋನಾ ಎರಡನೆಯ ಅಲೆಯಲ್ಲಿ ಆ ಗೆಳೆಯ ತೀರಿಕೊಂಡರು. ಅಂದಿನ ಪರಿಸ್ಥಿತಿಯಲ್ಲಿ ಇವರಿಗೆ ಹೋಗಿ ಮುಖ ನೋಡಲೂ ಆಗಲಿಲ್ಲ.

2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. ನಮ್ಮ ರಾಜ್ಯ ಅದಕ್ಕೆ ಮೊದಲು ಆ ಕಪ್ ಎತ್ತಿದ್ದು 1968-69ರಲ್ಲಿ, ಇನ್ನೂ ಮೈಸೂರು ರಾಜ್ಯವೆಂಬ ಹೆಸರಿದ್ದಾಗ. ಆಗ ಇವರಿಬ್ಬರೂ ಶಾಲೆಯ ಹುಡುಗರು. 54 ವರ್ಷಗಳ ನಂತರ ಗೆದ್ದ ಸುದ್ದಿ ಕೇಳಿದೊಡನೆ ಇವರ ಕೈ ತಾನಾಗಿಯೇ ಫೋನಿಗೆ ಹೋಯಿತು. ಗೆಳೆಯನ ನಂಬರು ಅದರಲ್ಲಿ ಹಾಗೇ ಇತ್ತು. ಎತ್ತುವವರು ಇರಲಿಲ್ಲ. ಮರುದಿನ ಭಾನುವಾರ ಬಲಿಪೂಜೆ ಮುಗಿದ ಮೇಲೆ ಸಕ್ರಿಸ್ತಿಗೆ ಬಂದು ಕೇಳಿದರು: "ಫಾದರ್, ಅವನ ಹೆಸರಿನಲ್ಲಿ ಒಂದು ಪೂಜೆ ಕೊಡಬಹುದಾ? ಅವನು ನಮ್ಮವನಲ್ಲ. ತಪ್ಪಾಗುತ್ತದಾ?"

ತಪ್ಪಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 901ನೆಯ ವಿಧಿಯ ಪ್ರಕಾರ ಗುರುವು ಯಾರಿಗಾಗಿಯೇ ಆಗಲಿ, ಜೀವಂತರಿಗಾಗಲಿ ಮೃತರಿಗಾಗಲಿ, ಪೂಜೆಯನ್ನು ಒಪ್ಪಿಸಬಹುದು. ಕಥೋಲಿಕರಿಗೆ ಮಾತ್ರ ಎಂಬ ಕಟ್ಟು ಅಲ್ಲಿಲ್ಲ. ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯನ್ನು ಕಿವಿಗೊಟ್ಟು ಕೇಳಿದವರಿಗೆ ನೆನಪಿರಬಹುದು: ನಮ್ಮ ಕಣ್ಣಿಗೆ ಕಾಣದ, ದೇವರಿಗೆ ಮಾತ್ರ ತಿಳಿದ ವಿಶ್ವಾಸವುಳ್ಳ ಮೃತರನ್ನೂ ಧರ್ಮಸಭೆ ಅಲ್ಲಿ ನೆನೆಯುತ್ತದೆ. ಆದರೆ ಒಂದು ಮಾತು. ಇದು ನಿಮ್ಮ ಪ್ರೀತಿಯ ಕಾಣಿಕೆ, ಅವರ ಮನೆಯವರ ಮೇಲೆ ಹೊರಿಸುವ ವಿಷಯವಲ್ಲ. ಮೈಕಿನಲ್ಲಿ ಹೆಸರು ಕೂಗಿಸಿ, ಅದನ್ನು ಅವರ ಮನೆಗೆ ಸುದ್ದಿಯಾಗಿ ಕಳುಹಿಸುವ ಅಗತ್ಯವಿಲ್ಲ. ಅವರ ಸಂಪ್ರದಾಯದಂತೆ ಅವರು ಮಾಡಿರುತ್ತಾರೆ, ಅದನ್ನು ಗೌರವಿಸಿ.

ಪೂಜೆಯ ಕಾಣಿಕೆ ಬರೆಸಿದರೆ ನೆನಪಿನ ಕೆಲಸ ಮುಗಿಯಿತೇ? ಇಲ್ಲ. ಗೆಳೆಯ ಸತ್ತಾಗ ನಾವು ನಿಜವಾಗಿ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ತತ್ವಜ್ಞಾನಿ ಅರಿಸ್ಟಾಟಲ್ ಗೆಳೆತನವನ್ನು ಮೂರು ಬಗೆ ಮಾಡುತ್ತಾನೆ: ಲಾಭಕ್ಕಾಗಿ, ಸಂತೋಷಕ್ಕಾಗಿ, ಗುಣಕ್ಕಾಗಿ. ಪಂದ್ಯ ನೋಡುವ ಗೆಳೆತನ ಬರೀ ಸಂತೋಷದ್ದು, ಹಗುರವಾದದ್ದು ಎಂದು ತೋರಬಹುದು. ಆದರೆ ಜೊತೆಯಲ್ಲಿ ಉಪ್ಪು ಉಂಡಲ್ಲದೆ ಒಬ್ಬರನ್ನೊಬ್ಬರು ಅರಿಯಲಾರರು ಎಂಬ ಗಾದೆಯನ್ನೂ ಅವನೇ ನೆನಪಿಸುತ್ತಾನೆ. ಗ್ಯಾಲರಿಯ ಕಲ್ಲಿನ ಮೇಲೆ ಕುಳಿತು ಒಂದೇ ಪೊಟ್ಟಣದ ಉಪ್ಪುಗಡಲೆಯನ್ನು ನಲವತ್ತು ವರ್ಷ ತಿಂದವರ ಬಗ್ಗೆ ಏನು ಹೇಳೋಣ?

ಸಂತ ಅಗಸ್ಟೀನರ ಆತ್ಮನಿವೇದನೆಯ ನಾಲ್ಕನೆಯ ಭಾಗದಲ್ಲಿ ಇಂಥದೇ ಒಂದು ಸಾವಿದೆ. ತಗಾಸ್ತೆ ಎಂಬ ಅವರ ಹುಟ್ಟೂರಿನ ಗೆಳೆಯ. ಜೊತೆಯಲ್ಲಿ ಓದಿದವನು, ಜೊತೆಯಲ್ಲಿ ಆಡಿದವನು, ಜ್ವರ ಬಂದು ಸತ್ತ. ಅಗಸ್ಟೀನರು ಅವನ ಹೆಸರನ್ನು ಎಲ್ಲಿಯೂ ಹೇಳುವುದಿಲ್ಲ. ಆದರೆ ಇಬ್ಬರೂ ಓಡಾಡಿದ ಜಾಗಗಳೆಲ್ಲ ತಮಗೆ ಹಿಂಸೆಯಾದವೆಂದು ಬಿಚ್ಚಿಟ್ಟು ಹೇಳುತ್ತಾರೆ. ಕೊನೆಗೆ ಊರನ್ನೇ ಬಿಟ್ಟು ಕಾರ್ಥೇಜಿಗೆ ಹೋಗುತ್ತಾರೆ. ಅಲ್ಲಿ ಅವರನ್ನು ಎತ್ತಿ ನಿಲ್ಲಿಸಿದ್ದು ಬೇರೆ ಗೆಳೆಯರು: ಒಟ್ಟಿಗೆ ಮಾತು, ನಗು, ಓದು, ದ್ವೇಷವಿಲ್ಲದ ವಾದ. ಸಾಯುವ ಮನುಷ್ಯನನ್ನು ಸಾಯದವನೆಂಬಂತೆ ಪ್ರೀತಿಸಿದ್ದೇ ತನ್ನ ದುಃಖದ ಬೇರು ಎಂದು ಅವರು ಆಮೇಲೆ ವಿವೇಚಿಸುತ್ತಾರೆ. ಇಷ್ಟು ಓದಿ, 'ಹಾಗಾದರೆ ಅಳಬಾರದು' ಎಂದು ತಿಳಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಲಾಜರನ ಸಮಾಧಿಯ ಬಳಿ ಯೇಸುಸ್ವಾಮಿಯೇ ಅತ್ತರಲ್ಲವೇ?

ಅಗಸ್ಟೀನರು ಹೇಳುವ ಆ 'ದ್ವೇಷವಿಲ್ಲದ ವಾದ'ವನ್ನು ಗಮನಿಸಿ. ನಮ್ಮ ಹಿರಿಯರು ಕಳೆದುಕೊಂಡದ್ದು ಅದನ್ನೇ. ಚೆಂಡು ಗೆರೆ ದಾಟಿತ್ತೆಂದು ಈಗ ಅವರು ನಿಶ್ಚಿಂತೆಯಾಗಿ ಹೇಳಬಹುದು. ಇಲ್ಲವೆನ್ನಲು ಯಾರೂ ಇಲ್ಲ. ಆ ಮಳೆಯಲ್ಲಿ ತಾನೂ ನೆನೆದಿದ್ದೆ ಎಂಬುದಕ್ಕೆ ಇದ್ದ ಒಬ್ಬನೇ ಸಾಕ್ಷಿಯನ್ನು ಮಣ್ಣು ಮಾಡಿಯಾಗಿದೆ. ಮನೆಯಲ್ಲಿ ಅವರು ಆ ಕಥೆ ತೆಗೆದರೆ ಮಗ "ನೂರು ಸಲ ಹೇಳಿದ್ದೀರಪ್ಪಾ" ಎನ್ನುತ್ತಾನೆ. ಮೊಮ್ಮಗ ಮೊಬೈಲಿನಲ್ಲಿ ಹುಡುಕಿ "ಅಂಥ ಮ್ಯಾಚೇ ಇಲ್ಲ ತಾತ" ಎನ್ನುತ್ತಾನೆ! ಮೊಬೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲವೆಂಬ ಈ ಕಾಲದ ಮೂಢನಂಬಿಕೆಗೆ ಯಾವ ಧರ್ಮೋಪದೇಶದ ಮದ್ದೋ ಕಾಣೆ. ಪೂಜೆ ಒಪ್ಪಿಸುತ್ತೇನೆ, ಅದರ ಜೊತೆಗೆ ನೀವು ಅವರ ಮನೆಗೂ ಹೋಗಿ ಬನ್ನಿ ಎಂದೆ. ಎರಡು ವರ್ಷ ತಡವಾಯಿತು, ಈಗ ಹೇಗೆ ಹೋಗಲಿ ಎಂದು ಹಿಂದೆಗೆದರು. ಕೊನೆಗೆ ರಂಜಾನ್ ಮುಗಿದ ಮೇಲೆ ಹೋದರು. ಗೆಳೆಯನ ಮಗಳು ಚಹಾ ತಂದಿಟ್ಟು, ಇವರು ಬಾಯಿ ತೆರೆಯುವ ಮೊದಲೇ, "ಅಂಕಲ್, ಅದು ಗೋಲ್ ಆಗಿರಲಿಲ್ಲವಂತೆ, ಅಬ್ಬಾ ಹೇಳುತ್ತಿದ್ದರು" ಎಂದಳಂತೆ. ಎರಡು ಗಂಟೆ ಅಲ್ಲೇ ಕುಳಿತಿದ್ದರು. ಈಗ ಆಗಾಗ ಹೋಗಿ ಬರುತ್ತಾರೆ.

ನೆನಪಿಗೆ ಇನ್ನೊಂದು ಮುಖವೂ ಇದೆ. ಅದು ಯಾರ ಮೇಲಾದರೂ ತಪ್ಪು ಹೊರಿಸಿ ಸಮಾಧಾನ ಹುಡುಕುತ್ತದೆ. 2004ರ ಡಿಸೆಂಬರ್ 5ರಂದು ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಶನ್ ಕಪ್ಪಿನ ಅಂತಿಮ ಪಂದ್ಯ. ಗೋವಾದ ಡೆಂಪೊ ತಂಡ ಮೋಹನ್ ಬಾಗಾನ್ ತಂಡವನ್ನು 2-0ರಿಂದ ಸೋಲಿಸಿತು. ಎರಡೂ ಗೋಲು ಬ್ರೆಜಿಲ್ ದೇಶದ ಕ್ರಿಸ್ಟಿಯಾನೊ ಜೂನಿಯರ್ ಅವರವು. ಎರಡನೆಯ ಗೋಲು ಹೊಡೆಯುವ ಗಳಿಗೆಯಲ್ಲೇ ಗೋಲ್‌ಕೀಪರ್ ಸುಬ್ರತ ಪಾಲ್ ಅವರಿಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. ವಯಸ್ಸು 25. ಡೆಂಪೊ ತಂಡ ಅವರ 10ನೆಯ ನಂಬರಿನ ಅಂಗಿಯನ್ನು ಬೇರೆಯವರಿಗೆ ಕೊಡದೆ ಎತ್ತಿಟ್ಟಿತು. ಅಂದು ಗ್ಯಾಲರಿಯಲ್ಲಿದ್ದವರಲ್ಲಿ ಕೆಲವರು ಇಂದಿಗೂ ಆ ಸಂಜೆಯ ಬಗ್ಗೆ ಮಾತಾಡಲಾರರು. ಇನ್ನು ಕೆಲವರು ಮಾತಾಡುವುದೆಲ್ಲ ಗೋಲ್‌ಕೀಪರನ ಮೇಲಿನ ಸಿಟ್ಟು. ಆ ಗೋಲ್‌ಕೀಪರ್ ಆಗ ಹದಿಹರೆಯದ ಹುಡುಗ. ಇನ್ನೊಬ್ಬನ ಸಾವನ್ನು ಎದೆಯಲ್ಲಿ ಹೊತ್ತೇ ಬೆಳೆದು, 2011ರ ಏಷ್ಯಾ ಕಪ್‌ನಲ್ಲಿ ಭಾರತದ ಗೋಲನ್ನು ಕಾದ. ಸತ್ತವನನ್ನು ಪ್ರೀತಿಯಿಂದ ನೆನೆಯಲು ಬದುಕಿದ್ದವನನ್ನು ದ್ವೇಷಿಸಲೇಬೇಕೇ? ನಮ್ಮ ಮನೆಗಳಲ್ಲೂ ಇದು ನಡೆಯುತ್ತದೆ. ಅಪ್ಪ ತೀರಿಕೊಂಡರೆ, ಕೊನೆಯಲ್ಲಿ ನೋಡಿಕೊಂಡ ಸೊಸೆಯ ಮೇಲೆ ಎಲ್ಲರ ಕಣ್ಣು.

ಹಾಗೆಂದು ಲೋಪಗಳನ್ನೆಲ್ಲ 'ದೇವರ ಚಿತ್ತ' ಎಂದು ಮುಚ್ಚಿಡುವುದೂ ಸರಿಯಲ್ಲ. 2012ರ ಮಾರ್ಚ್ 21ರಂದು ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಎ ಡಿವಿಷನ್ ಲೀಗ್ ಪಂದ್ಯದ ವೇಳೆ ಬ್ಯಾಂಗಲೋರ್ ಮಾರ್ಸ್ ತಂಡದ ಡಿ. ವೆಂಕಟೇಶ್ ಕುಸಿದು ಬಿದ್ದರು. ಸ್ಥಳದಲ್ಲಿ ಆ್ಯಂಬುಲೆನ್ಸ್ ಇರಲಿಲ್ಲ. ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಜೀವ ಉಳಿಯಲಿಲ್ಲ. ಜೂನಿಯರ್ ಸತ್ತು ಏಳು ವರ್ಷ ಕಳೆದಿದ್ದವು, ಅದೂ ಇದೇ ಊರಿನಲ್ಲಿ. ಏಳು ವರ್ಷ ನಾವು ಏನನ್ನು ನೆನಪಿಟ್ಟುಕೊಂಡಿದ್ದೆವು?

ಮಕ್ಕಬಿಯರ ಎರಡನೆಯ ಗ್ರಂಥದ 12ನೆಯ ಅಧ್ಯಾಯವನ್ನು ನವೆಂಬರ್ ತಿಂಗಳಲ್ಲಿ ನಾವು ಓದುತ್ತೇವೆ. ಯುದ್ಧದಲ್ಲಿ ಸತ್ತ ತನ್ನ ಸೈನಿಕರ ಅಂಗಿಯೊಳಗೆ ಯೂದನಿಗೆ ವಿಗ್ರಹಗಳ ತಾಯಿತಗಳು ಸಿಕ್ಕವು. ಅವನು ತಪ್ಪನ್ನು ಬಚ್ಚಿಡಲಿಲ್ಲ, ಸತ್ತವರನ್ನು ಕೈಬಿಡಲೂ ಇಲ್ಲ. ಎಲ್ಲರೂ ಪ್ರಾರ್ಥಿಸಿದರು. ಆಮೇಲೆ ತಲೆಗಿಷ್ಟು ಎಂದು ಕೂಡಿಸಿ ಎರಡು ಸಾವಿರ ಬೆಳ್ಳಿ ನಾಣ್ಯಗಳನ್ನು ಬಲಿಗಾಗಿ ಜೆರುಸಲೇಮಿಗೆ ಕಳುಹಿಸಿದ. ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೆ ಆಧಾರವಾಗಿ ಈ ಭಾಗವನ್ನು ಎತ್ತಿ ಹೇಳುವ ನಾವು, ಅಲ್ಲಿ ಬದುಕಿದ್ದವರು ಕೈಯಿಂದ ಹಣ ಬಿಚ್ಚಿದರು ಎಂಬುದನ್ನು ಅಷ್ಟಾಗಿ ಗಮನಿಸುವುದಿಲ್ಲ.

ಗೆಳೆಯನ ಹೆಸರಿನಲ್ಲಿ ಟೂರ್ನಮೆಂಟ್ ನಡೆಸುವ ಪದ್ಧತಿ ನಮ್ಮ ಕಡೆ ಇದೆ. ಫ್ಲೆಕ್ಸ್ ಬ್ಯಾನರು, ಹೂವಿನ ಹಾರ, ಎತ್ತರದ ಕಪ್ಪು, ಎಲ್ಲವೂ ಇರಲಿ. ಆ ಹಣದಲ್ಲಿ ಒಂದು ಪಾಲು ಜೀವ ಉಳಿಸುವ ತರಬೇತಿಗೂ ಹೋಗಲಿ. ಆಟಗಾರ ಯಾರಿಗೂ ಡಿಕ್ಕಿಯಾಗದೆ ತಾನಾಗಿ ಕುಸಿದು, ಕರೆದರೆ ಓಗೊಡದೆ, ಸರಿಯಾಗಿ ಉಸಿರಾಡದಿದ್ದರೆ ಅದು ಹೃದಯ ಸ್ತಂಭನವೆಂದೇ ತಿಳಿಯಬೇಕು. ಒಬ್ಬರು 108ಕ್ಕೆ ಕರೆ ಮಾಡಲಿ. ಇನ್ನೊಬ್ಬರು ಕೂಡಲೇ ಎದೆಯ ನಡುವೆ ಎರಡೂ ಅಂಗೈ ಊರಿ ಒತ್ತಲು ಶುರುಮಾಡಲಿ: ದೊಡ್ಡವರಿಗಾದರೆ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಸಹಾಯ ಬರುವವರೆಗೆ ನಿಲ್ಲಿಸದೆ. ಏನೂ ಮಾಡದೆ ಕಳೆಯುವ ಪ್ರತಿಯೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ನೂರಕ್ಕೆ ಏಳರಿಂದ ಹತ್ತರಷ್ಟು ಇಳಿಯುತ್ತದೆಂದು ವೈದ್ಯರು ಹೇಳುತ್ತಾರೆ. ನೀರು ಕುಡಿಸುವುದು, ಸುತ್ತ ಗುಂಪುಗೂಡುವುದು ಬೇಡ. ನಿಮ್ಮ ಧರ್ಮಕೇಂದ್ರದ ಯುವಕರ ಸಂಘ ಒಬ್ಬ ವೈದ್ಯರನ್ನೋ ನರ್ಸನ್ನೋ ಕರೆಸಿದರೆ ಒಂದು ಭಾನುವಾರ ಮಧ್ಯಾಹ್ನದಲ್ಲಿ ಇದನ್ನು ಕಲಿಯಬಹುದು. ನಮ್ಮ ಕುಟುಂಬಗಳಲ್ಲಿ ನರ್ಸ್‌ಗಳಿಗೇನೂ ಕೊರತೆಯಿಲ್ಲ. ಪಂದ್ಯದ ದಿನ ಆ್ಯಂಬುಲೆನ್ಸ್ ಒಳಬರುವ ಗೇಟಿಗೆ ಬೀಗ ಹಾಕಿದ್ದರೆ, ಅದರ ಕೀ ಯಾರ ಜೇಬಿನಲ್ಲಿದೆ ಎಂದು ಚೆಂಡು ಒದೆಯುವ ಮೊದಲೇ ಕೇಳಿಟ್ಟುಕೊಳ್ಳಿ.