ಗಾಜಿನೆಳೆಯ ಹಲಗೆಯ ಬಲಾಬಲ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಸೀಮೆಯ ಒಕ್ಕಲಿಗರಿಗೆ ಫರಸಿಕಲ್ಲಿನ ಗುಣವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ನೆಲದ ಮೇಲೆ ಸಮನಾಗಿ ಕುಳಿತ ಫರಸಿಯು ತುಂಬಿದ ಬಂಡಿಯ ಭಾರವನ್ನೂ ತಾಳುವುದು. ಅದನ್ನೇ ಎರಡು ಗುಂಡುಗಳ ಮೇಲೆ ಅಡ್ಡಲಾಗಿರಿಸಿ ನಡುವೆ ಭಾರವನ್ನು ಹೇರಿದರೆ ತಟಕ್ಕನೆ ಮುರಿಯುವುದು. ಇದಕ್ಕೆ ಕಾರಣವೇನೆಂದರೆ, ಬಾಗುವ ಹಲಗೆಯ ಮೇಲ್ಮೈಯು ಒತ್ತಡಕ್ಕೂ ಕೆಳಮೈಯು ಎಳೆತಕ್ಕೂ ಗುರಿಯಾಗುತ್ತದೆ. ಸುಣ್ಣಕಲ್ಲು ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ. ಎಳೆತವನ್ನಾದರೋ ಸುಮಾರಾಗಿ ಅದರ ಹತ್ತನೆಯ ಒಂದು ಪಾಲಿನಷ್ಟೇ. ಮಣ್ಣಿನ ಗೋಡೆಯ ದೌರ್ಬಲ್ಯವೂ ಇದೇ. ಆದುದರಿಂದಲೇ ಹಿರಿಯರು ಕೆಸರಿಗೆ ಹೊಟ್ಟನ್ನು ಸೇರಿಸಿ ತುಳಿಯುತ್ತಿದ್ದರು. ಬಿರುಕು ಬಾಯ್ದೆರೆಯುವೆಡೆಯಲ್ಲಿ ಹುಲ್ಲಿನೆಳೆಯು ಅಡ್ಡನಿಂತು ಎಳೆತವನ್ನು ಹೊರುತ್ತಿತ್ತು.

ಗೋಬರ್ ಗ್ಯಾಸಿನ ಡ್ರಮ್ಮು, ನೀರಿನ ತೊಟ್ಟಿ, ಚಾವಣಿಯ ಬೆಳಕಿನ ಹಾಳೆ ಇವುಗಳ ರೂಪದಲ್ಲಿ ಹಳ್ಳಿಗೆ ಬಂದಿರುವ ಫೈಬರಿನ ತತ್ತ್ವವೂ ಬೇರೆಯಲ್ಲ. ಇಲ್ಲಿ ಹುಲ್ಲಿನ ಸ್ಥಾನದಲ್ಲಿ ಗಾಜಿನ ಸೂಕ್ಷ್ಮವಾದ ಎಳೆ, ಕೆಸರಿನ ಸ್ಥಾನದಲ್ಲಿ ಗಟ್ಟಿಯಾಗುವ ರಾಳ. (ಅಂಗಡಿಗಳಲ್ಲಿ ಹೇರಳವಾಗಿ ದೊರೆಯುವ ಕರಿಯ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಗಾಜಿನೆಳೆಯಿರುವುದಿಲ್ಲ, ಅದು ಬೇರೆ ಜಾತಿಯದು.)

ಆಗತಾನೆ ಎಳೆದ ಗಾಜಿನೆಳೆಯು ಚದರ ಸೆಂಟಿಮೀಟರಿಗೆ ಸುಮಾರು 35,000 ಕಿಲೋಗ್ರಾಂ ಎಳೆತವನ್ನು ತಡೆಯಬಲ್ಲುದು. ಸಾಧಾರಣ ಉಕ್ಕು 4,000ಕ್ಕೇ ಹರಿಯುತ್ತದೆ. ಆದರೆ ಕೊಳ್ಳುವವನು ಈ ಅಂಕೆಗೆ ಮರುಳಾಗಬಾರದು. ತುಂಡೆಳೆಗಳನ್ನು ಎಲ್ಲ ದಿಕ್ಕಿಗೂ ಚೆದುರಿಸಿ ಮಾಡಿದ ಹಲಗೆಯ ಬಲವು ಸುಮಾರು 1,000 ಮಾತ್ರ. ತೂಕವು ಉಕ್ಕಿನ ಐದನೆಯ ಒಂದು ಪಾಲು, ತುಕ್ಕಿನ ಭಯವಿಲ್ಲ, ನಿಜ. ಆದರೆ ಬಿಗುವು ಉಕ್ಕಿನ ಇಪ್ಪತ್ತೈದನೆಯ ಒಂದು ಪಾಲಿನಷ್ಟೂ ಇರುವುದು ಕಷ್ಟ. ಎಳೆಗಳೆಲ್ಲ ಒಂದೇ ದಿಕ್ಕಿಗಿದ್ದರೆ ಆ ದಿಕ್ಕಿನಲ್ಲಿ ಬಲವು ಹೆಚ್ಚು; ಅಡ್ಡಲಾಗಿ ಎಳೆದರೆ ರಾಳದ ಬಲವೊಂದೇ ಆಸರೆ.

ಇನ್ನೊಂದು ಭೇದವು ಅತಿ ಮುಖ್ಯವಾದುದು. ಉಕ್ಕು ಮುರಿಯುವ ಮೊದಲು ಸೊಟ್ಟಗಾಗಿ ಎಚ್ಚರಿಕೆ ಕೊಡುತ್ತದೆ. ಫೈಬರು ಹಾಗೆ ಸೊಟ್ಟಗಾಗದು, ಬಿಟ್ಟರೆ ಮೊದಲಿನಂತಾಗುತ್ತದೆ, ಮಿತಿ ಮೀರಿದರೆ ಒಮ್ಮೆಲೇ ಒಡೆಯುತ್ತದೆ. ಬಣ್ಣವಿಲ್ಲದ ಹಲಗೆಯಲ್ಲಿ ಬಾಗಿದೆಡೆ ಬಿಳುಪು ಕಾಣಿಸಿಕೊಂಡರೆ ರಾಳವು ಎಳೆಯನ್ನು ಬಿಡುತ್ತಿದೆಯೆಂದು ತಿಳಿಯತಕ್ಕದ್ದು. ನಾಣ್ಯದಿಂದ ತಟ್ಟಿ ನೋಡುವುದೂ ಒಳ್ಳೆಯ ಪರೀಕ್ಷೆ. ಪದರು ಬಿಟ್ಟೆಡೆ ದನಿಯು ಮಂದವಾಗಿರುವುದು.

ಈ ಸೀಮೆಯ ಎರೆಭೂಮಿಯು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದರಿಂದ, ಫೈಬರ್ ತೊಟ್ಟಿಯನ್ನು ಬರಿಯ ಎರೆಯ ಮೇಲಾಗಲಿ ಮೂರು ಕಲ್ಲುಗಳ ಮೇಲಾಗಲಿ ಕೂರಿಸುವುದು ನಷ್ಟಕ್ಕೆ ದಾರಿ. ಎರೆಯನ್ನು ತೆಗೆದು, ಗರಸನ್ನು ದಮ್ಮಸು ಮಾಡಿ, ಮೇಲೆ ಫರಸಿಯನ್ನು ಸಂದಿಲ್ಲದೆ ಹಾಸಿದರೆ ತಳವೆಲ್ಲವೂ ಸಮನಾಗಿ ಆತುಕೊಳ್ಳುವುದು. ಬಿಸಿಲಿಗೆ ಮೇಲಿನ ರಾಳವು ಸವೆದು ಎಳೆಗಳು ಹೊರಬಿದ್ದಲ್ಲಿ, ತೇವವು ಒಳಹೊಕ್ಕು ಬಲಗುಂದಿಸುವ ಮೊದಲೇ ಹೊಸ ಲೇಪವನ್ನು ಕೊಡಿಸತಕ್ಕದ್ದು.

ಸಿಮೆಂಟಿನ ಈ ನಾಡಿನಲ್ಲಿ ಮತ್ತೊಂದು ಮಾತನ್ನು ಹೇಳಲೇಬೇಕು. ಸಾಧಾರಣ ಗಾಜಿನೆಳೆಯನ್ನು ಹಸಿ ಸಿಮೆಂಟಿನಲ್ಲಿ ನೇರವಾಗಿ ಕಲಸಿದರೆ ಅದರ ಕ್ಷಾರವು ಗಾಜನ್ನೇ ತಿನ್ನುತ್ತದೆ. ಆ ಕೆಲಸಕ್ಕೆ ಜಿರ್ಕೋನಿಯಾ ಸೇರಿದ ವಿಶೇಷ ಗಾಜಿನ ಎಳೆಯೇ ಬೇಕು. ಮೇಸ್ತ್ರಿಯು ಅಗ್ಗವೆಂದು ತಂದುದನ್ನು ಒಪ್ಪಲಾಗದು.

ಚಾವಣಿಯ ಫೈಬರ್ ಹಾಳೆಯ ಮೇಲೆ ಯಾರನ್ನೂ ಕಾಲಿಡಗೊಡಬಾರದು. ರಿಪೇರಿಗೆ ಏರುವ ಆಳಿಗೆ ಎರಡು ತೊಲೆಗಳನ್ನು ಮುಟ್ಟುವಂತಹ ಗಟ್ಟಿ ಹಲಗೆಯನ್ನು ಮೊದಲೇ ಒದಗಿಸತಕ್ಕದ್ದು.