ಗಾಜಿನ ನಾರಿನ ಹಡಗು

ಗಾಜು ಎಂದೊಡನೆ ನೆನಪಿಗೆ ಬರುವುದು ಕೈಜಾರಿದರೆ ಚೂರಾಗುವ ವಸ್ತು. ಆ ಗಾಜನ್ನೇ ಬಳಸಿ ಕಡಲಿಗಿಳಿಯುವ ಯುದ್ಧನೌಕೆಯನ್ನು ಕಟ್ಟಿದರೆಂದರೆ ನಂಬುವುದು ಕಷ್ಟ. ಆದರೂ ಇದು ನಡೆದ ಸಂಗತಿ.

1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಜರ್ಮನಿಯು ಬ್ರಿಟನ್ನಿನ ಕರಾವಳಿಯ ನೀರಿನಲ್ಲಿ ಕಾಂತೀಯ ಸಿಡಿಗುಂಡುಗಳನ್ನು ಹುದುಗಿಸಿತು. ಉಕ್ಕಿನ ಹಡಗು ಅವುಗಳ ಮೇಲೆ ಹಾಯ್ದರೆ ಸಾಕು, ಮುಟ್ಟದೆಯೇ ಅವು ಸಿಡಿಯುತ್ತಿದ್ದವು. ಇಂಥ ಗುಂಡುಗಳನ್ನು ಹುಡುಕಿ ನಾಶಮಾಡುವ ಹಡಗೇ ಉಕ್ಕಿನದಾದರೆ ಅದರ ನಾವಿಕರ ಗತಿಯೇನು? ಆದ್ದರಿಂದ ಅಂಥ ಹಡಗುಗಳಿಗೆ ಮರವನ್ನು ಬಳಸುತ್ತಿದ್ದರು. ಆದರೆ ಮರಕ್ಕೆ ಕೊಳೆಯುವ, ಹುಳು ಕೊರೆಯುವ ಭಯವಿದೆ. ಕಾಂತಕ್ಕೆ ಸಿಲುಕದ, ಕೊಳೆಯದ ಬೇರೊಂದು ವಸ್ತು ಬೇಕಾಯಿತು. ಆ ವಸ್ತುವೇ ಫೈಬರ್‌ಗ್ಲಾಸ್. ಅದರಿಂದ ರೂಪುಗೊಂಡ ಮೊದಲ ಯುದ್ಧನೌಕೆ ‘ವಿಲ್ಟನ್’. ಸುಮಾರು 46 ಮೀಟರ್ ಉದ್ದದ ಈ ನೌಕೆ 1972ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ ನೀರಿಗಿಳಿದು, ಮರುವರ್ಷ ಬ್ರಿಟಿಷ್ ನೌಕಾದಳವನ್ನು ಸೇರಿತು.

ಕರಗಿದ ಗಾಜನ್ನು ಕೂದಲಿಗಿಂತ ತೆಳ್ಳಗೆ ಎಳೆದರೆ ಬಾಗುವ ನಾರಾಗುತ್ತದೆ. ನಾರು ಎಳೆತವನ್ನು ತಡೆಯುತ್ತದೆ. ಅದನ್ನು ಆವರಿಸಿ ಗಟ್ಟಿಯಾಗುವ ರಾಳ ಆಕಾರವನ್ನು ಕಾಯುತ್ತದೆ. ಆದರೆ ಹಸಿ ರಾಳಕ್ಕೆ ತನ್ನದೇ ಆದ ಆಕಾರವಿಲ್ಲ. ಆದಕಾರಣ ಅಚ್ಚು ಅವಶ್ಯಕ.

ದೋಣಿಯ ಅಚ್ಚನ್ನು ಮಾಡುವವರು ಮೊದಲು ಮರದಿಂದ ಪೂರ್ಣ ಗಾತ್ರದ ಮೂಲಮಾದರಿಯನ್ನು ರಚಿಸುತ್ತಾರೆ. ಅದನ್ನು ಉಜ್ಜಿ ಕನ್ನಡಿಯಂತೆ ನಯಗೊಳಿಸಿ, ರಾಳ ಅಂಟದಂತೆ ಮೇಣವನ್ನು ಹಲವು ಸಲ ಸವರುತ್ತಾರೆ. ಮೇಲೆ ನಾರಿಲ್ಲದ ರಾಳದ ತೆಳುಪದರವೊಂದನ್ನು ಬಳಿದು, ಅದು ಬಿಗಿದ ಮೇಲೆ ಗಾಜಿನ ನಾರಿನ ಹಾಸುಗಳನ್ನು ಹೊದಿಸಿ ರಾಳದಿಂದ ತೋಯಿಸುತ್ತಾರೆ. ಒಳಗೆ ಸಿಕ್ಕಿದ ಗಾಳಿಯ ಗುಳ್ಳೆಗಳನ್ನು ರೋಲರಿನಿಂದ ಒತ್ತಿ ಹೊರಡಿಸುತ್ತಾರೆ. ದೊಡ್ಡ ಅಚ್ಚು ಬಾಗದಂತೆ ಅದರ ಹೊರಮೈಗೆ ಪಕ್ಕೆಲುಬುಗಳಂಥ ಆಸರೆಗಳನ್ನು ಕೂಡಿಸಿ, ಪೂರ್ತಿ ಗಟ್ಟಿಯಾದ ಬಳಿಕವೇ ಮಾದರಿಯಿಂದ ಬಿಡಿಸುತ್ತಾರೆ. ಮಾದರಿಯಲ್ಲಿ ಉಳಿದ ಒಂದು ಗೀರು ಅಚ್ಚಿಗೂ, ಅಚ್ಚಿನಿಂದ ಹುಟ್ಟುವ ಪ್ರತಿಯೊಂದು ದೋಣಿಗೂ ಇಳಿದುಬರುತ್ತದೆ.

ಪಾಲಿಯೆಸ್ಟರ್ ರಾಳವನ್ನು ಗಟ್ಟಿಗೊಳಿಸಲು ನೂರು ಭಾಗಕ್ಕೆ ಒಂದೆರಡು ಭಾಗ ಪೆರಾಕ್ಸೈಡ್ ಸಾಕು. ರಾಳ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಅವಸರದಿಂದ ಒಮ್ಮೆಗೇ ದಪ್ಪವಾಗಿ ಹಾಕಿದರೆ ಆ ಶಾಖ ಒಳಗೇ ಕೂಡಿಕೊಂಡು ಅಚ್ಚು ಸೊಟ್ಟಗಾಗುತ್ತದೆ ಇಲ್ಲವೆ ಬಿರಿಯುತ್ತದೆ. ಆದ್ದರಿಂದ ಕೆಲವೇ ಪದರಗಳನ್ನು ಹಾಕಿ, ತಣಿಯಲು ಬಿಟ್ಟು ಮುಂದುವರಿಯಬೇಕು. ಪೆರಾಕ್ಸೈಡನ್ನೂ ಗಟ್ಟಿಯಾಗುವ ವೇಗವನ್ನು ಹೆಚ್ಚಿಸುವ ಕೋಬಾಲ್ಟ್ ದ್ರಾವಣವನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಹೊತ್ತಬಹುದು, ಸ್ಫೋಟವೂ ಆಗಬಹುದು. ರಾಳದ ಆವಿ ಉಸಿರಿಗೆ ಹಾನಿಕರ. ಗಾಳಿಯಾಡುವ ಸ್ಥಳ, ಕೈಗವಸು, ಕನ್ನಡಕ, ಮುಖಕ್ಕೆ ತಕ್ಕ ರಕ್ಷಣೆ ಇವಿಲ್ಲದೆ ಈ ಕೆಲಸಕ್ಕೆ ತೊಡಗಬಾರದು.

ಇಂದು ಕರ್ನಾಟಕದ ಕರಾವಳಿಯಲ್ಲಿಯೂ ಬೆಸ್ತರು ಫೈಬರ್‌ಗ್ಲಾಸ್ ದೋಣಿಗಳಲ್ಲಿ ಮೀನುಗಾರಿಕೆಗೆ ಹೊರಡುತ್ತಾರೆ. ಪದರಗಳ ನಡುವೆ ಉಳಿದ ಗುಳ್ಳೆ ಹೊರಗಿನಿಂದ ನೋಡುವವರಿಗೆ ಕಾಣಿಸದು. ಅಲೆಯ ಹೊಡೆತಕ್ಕೆ ದೋಣಿ ದುರ್ಬಲವಾಗುವುದು ಅಲ್ಲಿಯೇ. ಕಡಲಿಗೆ ಹೋದವರು ಸುರಕ್ಷಿತವಾಗಿ ದಡ ಸೇರುವುದರಲ್ಲಿ ಅಚ್ಚಿನ ಮನೆಯ ಕೆಲಸಗಾರನ ತಾಳ್ಮೆಯ ಪಾಲೂ ಇದೆ.